ಸಾವಕಾರರ ಜಮಖಾನೆ

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹತ್ತಿ ಮಿಲ್ಲಿನ ಸಾವಕಾರ ಚನ್ನವೀರಪ್ಪನವರು ಹೊಸ ಸ್ಪೋರ್ಟ್ಸ್ ಕಾರಿನಲ್ಲಿ ಬಂದಿಳಿದರು. ದಾರಿಯಲ್ಲಿ ಹಾಲಿನವನ ಸೈಕಲ್ ಅವರನ್ನು ಹಿಂದೆ ಹಾಕಿತ್ತು. ಅದಕ್ಕೇ ಕುದಿಯುತ್ತಿದ್ದರು.

"ಎಷ್ಟು ಒತ್ತಿದ್ರೂ ಗಾಡಿ ಓಡವಲ್ದು. ಎಂಜಿನ್ನೇ ಸರಿ ಇಲ್ಲ. ನಿನ್ನೆ ಒಬ್ಬ ಮೆಕ್ಯಾನಿಕ್ 'ತಪ್ಪು ನಿಮ್ದೇರಿ' ಅಂದ. ಇವತ್ತ ಅವಗ ಕೆಲಸ ಇಲ್ಲ. ತಿಳೀತಿಲ್ಲೋ?"

ಮೆಕ್ಯಾನಿಕ್ ಫಕೀರಪ್ಪನಿಗೆ ಚೆನ್ನಾಗಿಯೇ ತಿಳಿಯಿತು. ಬಾಗಿಲು ತೆರೆದು ಬಗ್ಗಿ ನೋಡಿದ. ಹೊಸ ಕಾರಿಗೆ ಧೂಳು ತಾಗಬಾರದೆಂದು ಸಾವಕಾರರು, ಸನ್ಮಾನದಲ್ಲಿ ಬಂದ ನವಲಗುಂದದ ದಪ್ಪ ಜಮಖಾನೆಯನ್ನು ಮಡಚಿ ಕಾಲಡಿ ಹಾಸಿದ್ದರು. ಆಕ್ಸಿಲರೇಟರ್ ಪೆಡಲ್ ಅರ್ಧ ಇಳಿಯುವಷ್ಟರಲ್ಲಿ ಅದಕ್ಕೆ ತಗುಲಿ ನಿಲ್ಲುತ್ತಿತ್ತು.

ಫಕೀರಪ್ಪ ಕೈ ಒರೆಸಿಕೊಂಡ. "ಸಾವಕಾರ್ರ, ಸ್ವಲ್ಪ ಹೊತ್ತು ಹಿಡೀತೈತ್ರಿ. ನಿಮ್ಮಂಥ ದೊಡ್ಡವರು ಈ ಎಣ್ಣಿ ಬೆಂಚಿನ ಮ್ಯಾಲ ಹಂಗ ಕುಂದರೂದು ಚಂದ ಅಲ್ರಿ. ನಿಮ್ಮ ಜಮಖಾನಿನೇ ಹಾಸ್ತೇನ್ರಿ."

ಸಾವಕಾರರಿಗೆ ಮಾತು ಹಿತವೆನಿಸಿತು. ಜಮಖಾನೆಯ ಮೇಲೆ ಗತ್ತಿನಿಂದ ಕೂತು ಚಹಾ ಕುಡಿದರು. ಫಕೀರಪ್ಪ ಬಾನೆಟ್ ಎತ್ತಿದ, ಮರ್ಯಾದೆಗೆಂದು ಒಂದಿಷ್ಟು ಹೊತ್ತು ಇಣುಕಿದ, ಮುಚ್ಚಿದ. ಆಮೇಲೆ ಕಾರು ಹತ್ತಿ ಹೊರಟ. ಕಾರು ಓಣಿ ನಡುಗುವಂತೆ ಗುಡುಗಿ, ಕಣ್ಣು ಮಿಟುಕಿಸುವುದರಲ್ಲಿ ಒಂದು ಸುತ್ತು ಹೊಡೆದು ಬಂತು.

"ಭೇಷ್! ಏನಾಗಿತ್ತೋ?"

"ಪೆಡಲ್‌ಗೆ ಒಂದು ಸಾಮಾನು ಅಡ್ಡ ಬಂದಿತ್ರಿ. ತಗದೇನ್ರಿ."

"ಅದನ್ನ ಅಲ್ಲಿಟ್ಟ ಶಾಣ್ಯಾ ಯಾವನವ? ತೋರಸು ಅದನ್ನ, ಕಂಪನಿಯವರ ಮುಖಕ್ಕ ಒಗೀತೇನಿ!"

"ತೋರಸ್ತೇನ್ರಿ. ಒಂಚೂರು ಏಳ್ರಿ."

ಸಾವಕಾರರು ಕೆಳಗೆ ನೋಡಿಕೊಂಡರು. ಏಳಲಿಲ್ಲ.

"ಇನ್ನೊಂದು ಚಹಾ ತರಸು," ಎಂದರು ಮೆಲ್ಲಗೆ.