ಹಾಲು ಎಂದು ಬರೆದ ಸಾಲು

ಆಶ್ರಮದಲ್ಲಿ ಕಲಿತವರ ಪೈಕಿ ಪದ್ಯ ಕಟ್ಟುವುದರಲ್ಲಿ ರೇವಣ್ಣನದು ಎತ್ತಿದ ಕೈ. ಊಟಕ್ಕೆ ಕೂತಾಗಲೂ ಬೆರಳಲ್ಲಿ ಮಾತ್ರೆ ಎಣಿಸುತ್ತಾನೆ ಎಂದು ಜೊತೆಯವರು ಕಿಚಾಯಿಸುತ್ತಿದ್ದರು. ಅಂಥವನು ಒಂದು ಬೆಳಿಗ್ಗೆ ಹೊಳೆದಂಡೆಗೆ ಬಂದು ಗುರುಗಳ ಮುಂದೆ ತಲೆ ತಗ್ಗಿಸಿ ಕೂತ.

ಅವನ ಆರು ವರ್ಷದ ಮಗಳು ಗೌರಿ ಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಅವಳ ಮೇಲೊಂದು ಷಟ್ಪದಿ ಬರೆದು ಹೆಂಡತಿ ಬಸಲಿಂಗಿಗೆ ಓದಿ ಹೇಳಿದ್ದ. ಕೇಳಿದವಳು ಎದ್ದು ಒಳಗೆ ಹೋದಳು. ಅಂದಿನಿಂದ ಅವನ ಜೊತೆ ಮಾತಿಲ್ಲ.

ಅವಳು ಎದ್ದು ಹೋದದ್ದನ್ನು ಹೇಳಿ, "ಎಲ್ಲಿ ತಪ್ಪಿದೀನಿ, ತಾವೇ ಹೇಳಬೇಕು," ಎಂದು ಪದ್ಯ ಓದಿದ.

ಗುರುಗಳು ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಆರು ಸಾಲಿನಲ್ಲೂ ಒಂದು ಮಾತ್ರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಲೆ, ಕಾಲ, ಸೋಲು, ಹಾಲು ಎಂದು ಸಾಲುಗಳ ಎರಡನೇ ಅಕ್ಷರವೆಲ್ಲ ಪ್ರಾಸಕ್ಕೆ ಸರಿಯಾಗಿ ಕೂತಿತ್ತು.

"ಎದ್ದು ಹೋಗುವಾಗ ಬಸಲಿಂಗಿ ಏನಾದರೂ ಅಂದಳೇನಪ್ಪಾ?"

"ಮಗು ಕೇಳಿದ್ದು ಹಾಲಲ್ಲ ಅಂದಳು."

"ಮತ್ತೇನು ಕೇಳಿತ್ತು?"

ರೇವಣ್ಣ ಹೊಳೆಯ ಕಡೆ ನೋಡಿದ. "ನೀರು. ಪ್ರಾಸಕ್ಕೆ ಕೂರಲಿಲ್ಲ, ಹಾಲು ಅಂತ ಮಾಡಿದೆ."

"ಕೊಟ್ಟೆಯಾ?"

ಜ್ವರಕ್ಕೆ ಹನಿ ನೀರೂ ಕೂಡದು ಎಂದಿದ್ದರು ವೈದ್ಯರು. ಅವನು ಕೊಟ್ಟಿರಲಿಲ್ಲ. ತಡೆಯಲಾರದೆ ಹೆಂಡತಿ ಚೊಂಬು ತಂದಾಗ ಕಸಿದು ಅಟ್ಟದ ಮೇಲಿಟ್ಟಿದ್ದ. ಯಾರಿಗೂ ಹೇಳದ ಆ ಮಾತನ್ನು ಈಗ ಹೇಳಿದ, ಹೇಳುತ್ತಲೇ ಅತ್ತ.

ಗುರುಗಳು ಸಮಾಧಾನ ಮಾಡಲು ಹೋಗಲಿಲ್ಲ. ನೀರು ಅಂತಲೇ ಇಟ್ಟು ಆರೂ ಸಾಲನ್ನು ಹೊಸದಾಗಿ ಕಟ್ಟಿಕೊಂಡು ಬಾ ಎಂದು ಕಳಿಸಿದರು.

ಮೂರು ದಿನ ರೇವಣ್ಣನಿಗೆ ಊಟ ಸೇರಲಿಲ್ಲ. ಪ್ರಾಸ ಬದಲಾಯಿಸಿದ, ಅದೇನು ಅವನಿಗೆ ದೊಡ್ಡದಲ್ಲ. ಆದರೆ ನಾಲ್ಕನೇ ಸಾಲಿನಲ್ಲಿ 'ನೀರು' ಎಂದ ಮೇಲೆ ಮುಂದಿನ ಮಾತೇ ಹೊರಡಲಿಲ್ಲ. ಏನು ಹಾಕಿದರೂ ಸುಳ್ಳೆನಿಸಿತು. ಕಲಿತ ವಿದ್ಯೆಯೆಲ್ಲ ಇಷ್ಟೇನಾ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮತ್ತೆ ಬಂದು ಇದ್ದಷ್ಟನ್ನೇ ಓದಿದ. ಆ ಸಾಲು ಬಂದಾಗ ಗುರುಗಳ ಕೈ ತೊಡೆಯ ಮೇಲೆ ಏಳದೆ ನಿಂತಿತು.

"ಇಲ್ಲಿ ಮಾತ್ರೆ ಕಡಿಮೆ ಬೀಳುತ್ತೆ ಗುರುಗಳೇ. ಏನು ತುಂಬಲಿ? ನನ್ನಿಂದ ಆಗುತ್ತಿಲ್ಲ."

"ತುಂಬಬೇಡಪ್ಪಾ," ಅಂದರು ಗುರುಗಳು. "ಕೂಸು ಕಾಯ್ತಾ ಇರೋದು ಅಲ್ಲೇ."