ಕೋಳಿ ಕಾವು ಕೂತ ಗುಂಡು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನನ್ನ ಮೀಸೆಯಾಣೆ. ಇದನ್ನ ಹೀಗೆ ಹೇಳೋಕೆ ಸುತ್ತ ಏಳೂರಲ್ಲಿ ನನ್ನ ಬಿಟ್ಟರೆ ಇನ್ನೊಬ್ಬನಿಲ್ಲ. ಹೊದ್ದುಕೊಂಡು ಕೇಳು.

ಯಾವುದೋ ಒಂದು ಕಾಲದಲ್ಲಿ, ಕೋಟೆಯಿದ್ದ ಒಂದೂರಲ್ಲಿ ದುಗ್ಗವ್ವ ಅಂತ ಒಬ್ಬಳು ಮುದುಕಿ ಇದ್ದಳಂತೆ. ಅವಳಿಗೆ ಕಾಟಪ್ಪ, ಓಬಳಪ್ಪ, ಸಣ್ಣೀರಪ್ಪ ಅಂತ ಮೂರು ಗಂಡುಮಕ್ಕಳು. ಮೂವರೂ ಉಣ್ಣೋದರಲ್ಲಿ ಭೀಮರು, ಆದರೆ ಹುಟ್ಟಿದಾಗಿಂದ ಅಡುಗೆಮನೆ ಹೊಸಲು ದಾಟಿದವರಲ್ಲವಂತೆ. ದೊಡ್ಡವರಿಬ್ಬರ ಊಟ ನೋಡಿ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಸಣ್ಣೀರಪ್ಪನ ಹೆಂಡತಿ ಚೌಡಕ್ಕ ತವರಲ್ಲಿ ಹೆತ್ತಳು, ಆ ಮನೆಗೆ ಅದೇ ಮೊದಲ ಕೂಸು. ಬಾಣಂತಿಯನ್ನೂ ಕೂಸನ್ನೂ ಕರೆತರೋಕೆ ಹೊರಟ ದುಗ್ಗವ್ವ, ನಾನು ಬರೋದರೊಳಗೆ ಅಟ್ಟದಿಂದ ತೊಟ್ಟಿಲು ಇಳಿಸಿಡ್ರೋ ಅಂದು ಹೋದಳಂತೆ.

ಆಮೇಲೆ ಇವರು ತೊಟ್ಟಿಲು ಇಳಿಸಿದರೆ, ಅದರ ಹಿಂದೆ ಹಳೇ ಸೀರೆ ಚೂರಲ್ಲಿ ಸುತ್ತಿದ್ದ ಕರೀ ಗುಂಡನೆ ಕಲ್ಲೊಂದು ಸಿಕ್ಕಿತಂತೆ. ಕಾಟಪ್ಪ, ಇದು ಕೋಟೆಯ ಫಿರಂಗಿ ಗುಂಡು, ಹಿರೀಮಗ ನಾನು, ನನಗೇ ಸೇರಬೇಕು ಅಂದ. ಪರೀಕ್ಷೆಗೆ ಅಂತ ಎತ್ತಿ ಎಸೆದ, ಹಿತ್ತಿಲ ಗೋಡೆ ಬಿತ್ತು, ಗುಂಡು ಢಂ ಅನ್ನಲಿಲ್ಲ. ಆಮೇಲೆ ಓಬಳಪ್ಪ, ಕುಂಕುಮದ ಕಲೆ ಇದೆ, ಇದು ದೇವರು ಅಂತ ದೇವರ ಗೂಡಲ್ಲಿಟ್ಟು ಕಾಯಿ ಒಡೆದ. ದೇವರು ಎಡಕ್ಕೂ ಹೂ ಕೊಡಲಿಲ್ಲ, ಬಲಕ್ಕೂ ಕೊಡಲಿಲ್ಲ. ಆಮೇಲೆ ಸಣ್ಣೀರಪ್ಪ, ಇದು ಗಂಡಭೇರುಂಡದ ಮೊಟ್ಟೆ ಅಂತ ಕೋಳಿ ಕೆಳಗಿಟ್ಟ. ಕೋಳಿ ಪಾಪ, ಕಾಳು ನೀರು ಬಿಟ್ಟು ಅದರ ಮೇಲೆ ಕೂತೇ ಕೂತಿತಂತೆ. ನಂದು ನಂದು ಅಂತ ಮಾತಿಗೆ ಮಾತು ಬೆಳೆದು, ಮನೇನೇ ಪಾಲು ಮಾಡ್ಕೊಳ್ಳೋಣ ಅಂತ ನಡುಮನೆಯಲ್ಲಿ ಮಣ್ಣಿನ ಗೋಡೆ ಎಬ್ಬಿಸೋಕೆ ಹತ್ತಿದರಂತೆ.

ಅಷ್ಟರಲ್ಲಿ ದುಗ್ಗವ್ವ ಬಂದಳು. ನೋಡಿದರೆ ಗೋಡೆ ಸರಿಯಾಗಿ ತೊಟ್ಟಿಲು ಕಟ್ಟೋ ತೊಲೆಯ ಕೆಳಗೇ ಎದ್ದಿದೆ. ಚೌಡಕ್ಕ ಹೊಸಲಲ್ಲೇ ನಿಂತು, ಅತ್ತೆ, ತೊಟ್ಟಿಲು ಯಾರ ಪಾಲಲ್ಲಿ ಕಟ್ಟೋದು, ಕೂಸನ್ನ ಎತ್ಕೊಂಡು ತವರಿಗೇ ತಿರುಗಿ ಹೋಗ್ಲಾ ಅಂದಳಂತೆ. ಏನ್ರೋ ಇದು ಅಂತ ಮುದುಕಿ ಗದರಿದ್ದಕ್ಕೆ ಮೂವರೂ ಗುಂಡಿನ ಜಗಳವನ್ನೆಲ್ಲ ಒಪ್ಪಿಸಿದರಂತೆ.

ಎಲ್ರೋ ಅದು, ಅಂತ ಕೇಳಿ, ಕೋಳಿ ಕೈಲಿ ಕುಕ್ಕಿಸಿಕೊಂಡೇ ಕಲ್ಲನ್ನ ಈಚೆಗೆಳೆದಳು. ಬಿಸಿನೀರಲ್ಲಿ ತೊಳೆದು, ಅರಿಶಿನ ಬಳಿದು, ಕಾಡಿಗೆಯಲ್ಲಿ ಎರಡು ಕಣ್ಣು ಬರೆದು, ಕೂಸಿನ ಕುಲಾವಿ ತೊಡಿಸಿದಳಂತೆ.

ಎಲಾ ಕತ್ತೆಗಳಾ, ಇದು ನಮ್ಮ ಹಳೇ ಒರಳಿನ ಗುಂಡು ಕಣ್ರೋ! ನಿಮಗೆ ರುಬ್ಬಿ ರುಬ್ಬಿ ಹಾಕಿ ಸವೆದು ಹಿಂಗಾಗೈತೆ. ಕೂಸು ಕಲ್ಲಿನಂಗೆ ಗಟ್ಟಿಯಾಗಿರಲಿ ಅಂತ ನಿಮ್ಮೊಬ್ಬೊಬ್ಬರಿಗೂ ಮೊದಲು ಇವನನ್ನ ತೊಟ್ಟಿಲಲ್ಲಿ ಮಲಗಿಸಿ ತೂಗೀನಿ. ಹಿರೀಮಗ ಅಂತೀಯಲ್ಲೋ ಕಾಟಾ, ನಿನಗಿಂತ ಮೊದಲು ಮಲಗಿದೋನು ಇವನು. ನಿಮ್ಮಣ್ಣ! ಅಣ್ಣನಿಗೋಸ್ಕರ ಮನೆ ಒಡೀತೀರಾ?

ಕಾಟಪ್ಪ, ತಪ್ಪಾಯ್ತಣ್ಣಾ, ನಿನ್ನ ಎತ್ತಿ ಎಸೆದುಬಿಟ್ಟೆ ಅಂತ ನಮಸ್ಕಾರ ಮಾಡೋಕೆ ಕಲ್ಲಿನ ಕಾಲು ಹುಡುಕಿದನಂತೆ. ಆಮೇಲೆ ಮೂವರೂ ಸೇರಿ ಗೋಡೆ ಕೆಡವಿ, ಅದೇ ತೊಲೆಗೆ ತೊಟ್ಟಿಲು ಕಟ್ಟಿ, ಗುಂಡಣ್ಣನನ್ನ ಮೊದಲು ತೂಗಿ ಎತ್ತಿ, ಕೂಸನ್ನ ಮಲಗಿಸಿದರು. ಕೂಸು ನಕ್ಕೊಂಡೇ ನಿದ್ದೆ ಹೋಯಿತಂತೆ. ಒಂದೇ ಒಲೆಯಲ್ಲಿ ಬೇಯಿಸಿ ಉಂಡು ಎಲ್ಲರೂ ಚೆನ್ನಾಗಿದ್ದರಂತೆ. ಅಲ್ಲಿಗೆ ಕತೆಗೂ ಕಣ್ಣು ಮುಚ್ಚಿತು.

ಹ್ಞೂಂ, ಕೂಸು ನಕ್ಕೊಂಡು ಮಲಗಿತು ಅಂದದ್ದೊಂದು ಮಾತ್ರ ನಾನು ಸೇರಿಸಿದ್ದು. ಸೂರು ಹಾರೋ ಹಂಗೆ ಅತ್ತಿತು. ಅದಕ್ಕೇ ಮೂವರೂ ಒಂದೇ ಹಗ್ಗ ಹಿಡ್ಕೊಂಡು ತೂಗ್ತಾ ಕೂತರಂತೆ.