ಕೆಸರು ಮೆತ್ತದ ಟಗರು

ಆ ಕೆರೆಯಲ್ಲಿ ನೀರು ಕುಡಿದ ಪ್ರಾಣಿಗಳೆಲ್ಲ ಕೆಸರಿನಲ್ಲಿ ಹೊರಳಿ, ಏರಿಯ ಆಚೆ ಹೋಗಿ ಮೈ ಕೊಡವಬೇಕೆಂಬ ಕಟ್ಟಳೆ ಇತ್ತು. ಕೆರೆಯ ಹೂಳು ಹೊರಗೆ ಹೋಗುತ್ತಿದ್ದದ್ದೇ ಹಾಗೆ. ಕಾಳಗದ ಟಗರು ಮಾತ್ರ ಒಲ್ಲೆ ಎಂದಿತು.

“ನಾನು ಗುದ್ದಾಡುವುದು ನಿಮ್ಮ ಖುಷಿಗೆ. ಉಣ್ಣೆಗೆ ಕೆಸರು ಮೆತ್ತಿದರೆ ನನ್ನ ಕಾಳಗ ಯಾರು ನೋಡುತ್ತಾರೆ? ನನಗೆ ವಿನಾಯಿತಿ ಕೊಡಿ.”

“ಕೊಡೋಣ, ಎಷ್ಟು ಚೆನ್ನಾಗಿ ಗುದ್ದುತ್ತಾನೆ!” ಎಂದವು ನರಿ, ಕತ್ತೆ.

“ನೀರು ಕುಡಿಯುವುದಕ್ಕೂ ವಿನಾಯಿತಿ ಕೇಳಿದ್ದಾನೇನು?” ಎಂದಿತು ಎಮ್ಮೆ. ಯಾರೂ ಅದರ ಕಡೆ ತಿರುಗಲಿಲ್ಲ.

ಟಗರು ಇನ್ನಷ್ಟು ಟಗರುಗಳನ್ನು ಕರೆತಂದು ಕೂಟ ಕಟ್ಟಿತು. ಅವಕ್ಕೂ ವಿನಾಯಿತಿ ಸಿಕ್ಕಿತು. ಗುದ್ದಾಡಿ ಬಾಯಾರಿ ಎಲ್ಲರಿಗಿಂತ ಹೆಚ್ಚು ಕುಡಿದವು. ಅದನ್ನು ನೋಡಿ ನರಿ ಹೊರಳುವುದನ್ನು ಬಿಟ್ಟಿತು, ಆಮೇಲೆ ಕತ್ತೆ. ಎಮ್ಮೆಯೊಂದೇ ದಿನಾ ಹೊರಳಿತು, ಕೊಡವಿತು. ಒಂದೇ ಮೈಗೆ ಎಷ್ಟು ಹೂಳು ಅಂಟೀತು?

ಕೆರೆ ಹೂಳು ತುಂಬಿ ಬತ್ತಿತು. ಪ್ರಾಣಿಗಳು ಒಂದೊಂದಾಗಿ ಹೊರಟವು. ಕೂಟದ ಟಗರುಗಳೂ ಬೇರೆ ಕೆರೆ ನೋಡಿಕೊಂಡವು. ಮೊದಲಿನ ಟಗರು ಮಾತ್ರ, ನೋಡುವವರು ಬಂದೇ ಬರುತ್ತಾರೆಂದು ಕಣದಲ್ಲಿ ನಿಂತಿತ್ತು.

ಕಡೆಗೆ ಎಮ್ಮೆಯೂ ಹೊರಟಿತು.

“ಅಕ್ಕಾ, ಒಂದು ಕಾಳಗ ನೋಡಿಕೊಂಡು ಹೋಗು.”

“ಯಾರ ಜೊತೆ ಗುದ್ದುತ್ತೀಯಪ್ಪಾ?”

ಎಮ್ಮೆ ಕಣ್ಮರೆಯಾದ ಮೇಲೆ ಟಗರು ಕೆರೆಗಿಳಿದು ಮೊದಲ ಸಲ ಹೊರಳಿತು. ಏರಿಯ ಆಚೆ ಹೋಗಿ ಜೋರಾಗಿ ಮೈ ಕೊಡವಿತು. ಏನೂ ಉದುರಲಿಲ್ಲ. ಬಿರುಕುಬಿಟ್ಟ ನೆಲದಲ್ಲಿ ಮೆತ್ತಿಕೊಳ್ಳಲು ಕೆಸರೇ ಇರಲಿಲ್ಲ. ಉಣ್ಣೆ ಎಂದಿನಂತೆ ಬೆಳ್ಳಗೇ ಇತ್ತು.